ಸೀಸದ ಬ್ಯಾಟರಿ : ಅದರ ಊಟ, ನೀರು ಮತ್ತು ವಿಶ್ರಾಂತಿ



ವಿದ್ಯುಚ್ಛಕ್ತಿಯನ್ನು ಉತ್ಪಾದಿಸುವುದು ಒಂದು ವಿದ್ಯೆಯಾದರೆ, ಅದನ್ನು ಕೂಡಿಡುವುದು ಇನ್ನೊಂದು ವಿದ್ಯೆ. ಹಗೇವಿನಲ್ಲಿ ಜೋಳವನ್ನು ತುಂಬಿಟ್ಟು ಬೇಕಾದಾಗ ತೆಗೆದುಕೊಳ್ಳುವಂತೆ, ವಿದ್ಯುತ್ತನ್ನು ತುಂಬಿಟ್ಟು ಬೇಕಾದಾಗ ತೆಗೆದುಕೊಳ್ಳುವ ಪೆಟ್ಟಿಗೆಯೇ ಬ್ಯಾಟರಿ. ನಮ್ಮ ಸುತ್ತಲೂ ಕಣ್ಣು ಹಾಯಿಸಿದರೆ ಈ ಪೆಟ್ಟಿಗೆ ಇಲ್ಲದ ಜಾಗವೇ ಇಲ್ಲ. ಹೊಲಕ್ಕೆ ಹೋಗುವ ಟ್ರ್ಯಾಕ್ಟರಿನಲ್ಲಿ ಅದು ಇದೆ. ನಾರಾಯಣಪೇಟೆಯ ಸೀರೆ ಅಂಗಡಿಗಳಲ್ಲಿ ಕರೆಂಟು ಹೋದೊಡನೆ ದೀಪ ಉರಿಸುವ ಇನ್ವರ್ಟರಿನ ಕೆಳಗೆ ಅದು ಇದೆ. ಕೃಷ್ಣಾ ನಿಲ್ದಾಣದಲ್ಲಿ ನಿಲ್ಲುವ ರೈಲಿನ ಡಬ್ಬಿಗಳ ಹೊಟ್ಟೆಯ ಕೆಳಗೆ 110 ವೋಲ್ಟಿನ ಬ್ಯಾಟರಿ ಪೆಟ್ಟಿಗೆಗಳು ತೂಗುಬಿದ್ದಿರುತ್ತವೆ. ಗದ್ವಾಲದ ಸಮೀಪ ಕೃಷ್ಣೆಗೆ ಕಟ್ಟಿರುವ ಪ್ರಿಯದರ್ಶಿನಿ ಜೂರಾಲ ಅಣೆಕಟ್ಟಿನಲ್ಲಿ ತಲಾ 39 ಮೆಗಾವ್ಯಾಟಿನ ಆರು ಯಂತ್ರಗಳಿವೆ. ಹೊಳೆಯ ಆಚೆ ದಂಡೆಯಲ್ಲಿ ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರವು 1985 ರಿಂದ ವಿದ್ಯುತ್ ನೀಡುತ್ತಿದೆ. ಇಷ್ಟು ದೊಡ್ಡ ವಿದ್ಯುತ್ ಕೇಂದ್ರಗಳಿಗೂ ಬ್ಯಾಟರಿ ಬೇಕೇ ಎಂದು ಕೇಳಬಹುದು. ಬೇಕು. ಕೇಂದ್ರವೇ ಸ್ಥಗಿತಗೊಂಡಾಗ ಅದರ ಕಾವಲು ಉಪಕರಣಗಳನ್ನೂ ಎಚ್ಚರಿಕೆಯ ದೀಪಗಳನ್ನೂ ನಡೆಸುವುದು ಒಂದು ಕೋಣೆಯಲ್ಲಿ ಸಾಲಾಗಿ ಜೋಡಿಸಿದ ಬ್ಯಾಟರಿ ಕೋಶಗಳೇ.

ಈ ಲೇಖನವನ್ನು ಬರೆಯಲು ನಮಗೆ ಇನ್ನೊಂದು ಕಾರಣವಿದೆ. ನಮ್ಮ ಊರುಗಳಿಂದ ಎಷ್ಟೋ ಮಂದಿ ಅಣ್ಣಂದಿರು ಹತ್ತನೆಯ ತರಗತಿ ಮುಗಿಸಿ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಮಕ್ತಲ್ ಮೇಲೆ ಹಾಯ್ದು ಹೋಗುವ ಹೆದ್ದಾರಿ ಅವರನ್ನು ಜಡ್ಚೆರ್ಲಾದ ಕಾರ್ಖಾನೆಗಳಿಗೆ, ಶಂಷಾಬಾದಿನ ಗೋದಾಮುಗಳಿಗೆ ಮುಟ್ಟಿಸುತ್ತದೆ. 2023 ರ ಅಕ್ಟೋಬರಿನಲ್ಲಿ ಜಕ್ಲೇರ್‌ನಿಂದ ಮಕ್ತಲ್ ಮೂಲಕ ಕೃಷ್ಣಾದವರೆಗಿನ ಹೊಸ ರೈಲುಮಾರ್ಗವೂ ಉದ್ಘಾಟನೆಯಾಗಿದೆ. ಗೋದಾಮುಗಳಲ್ಲಿ ಭಾರದ ಪೆಟ್ಟಿಗೆಗಳನ್ನು ಎತ್ತಿ ಸಾಗಿಸುವ ಗಾಡಿಗೆ ಫೋರ್ಕ್‌ಲಿಫ್ಟ್ ಎನ್ನುತ್ತಾರೆ. ಅವುಗಳಲ್ಲಿ ಅನೇಕವು ಬ್ಯಾಟರಿಯಿಂದ ನಡೆಯುವಂಥವು. ಅವಕ್ಕೆ ಚಾರ್ಜು ಮಾಡುವುದು, ನೀರು ಹಾಕುವುದು ಹೊಸದಾಗಿ ಸೇರಿದ ಹುಡುಗನ ಪಾಲಿಗೆ ಬರುವುದುಂಟು. ಅಲ್ಲಿನ ಎಚ್ಚರಿಕೆಯ ಫಲಕ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಕನ್ನಡದಲ್ಲಿ ಓದಿದವನು ಅದನ್ನು ಅರ್ಧ ತಿಳಿದು ಕೆಲಸಕ್ಕೆ ಕೈಯಿಟ್ಟರೆ ಅಪಾಯ ಅವನ ಕಣ್ಣಿಗೆ, ಅವನ ಕೈಗೆ. ಆದುದರಿಂದ ಈ ವಿಷಯವನ್ನು ನಮ್ಮ ನುಡಿಯಲ್ಲಿಯೇ ಮೊದಲಿನಿಂದ ಕೊನೆಯವರೆಗೆ ತಿಳಿದುಕೊಳ್ಳೋಣ.

ಕೋಶದ ಒಳಗೆ ಏನಿದೆ?

ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಸೀಸದ ಕೋಶವನ್ನು 1859 ರಲ್ಲಿ ಕಂಡುಹಿಡಿದವರು ಫ್ರಾನ್ಸ್ ದೇಶದ ವಿಜ್ಞಾನಿ ಗಾಸ್ಟನ್ ಪ್ಲಾಂಟೆ. 1881 ರಲ್ಲಿ ಅದೇ ದೇಶದ ಕಮೀಲ್ ಫೋರ್ ಎಂಬುವರು ಸೀಸದ ಹಲಗೆಗಳಿಗೆ ಸೀಸದ ಆಕ್ಸೈಡಿನ ಲೇಪವನ್ನು ಮೆತ್ತಿ, ಅದೇ ಗಾತ್ರದ ಕೋಶದಲ್ಲಿ ಹೆಚ್ಚು ವಿದ್ಯುತ್ ನಿಲ್ಲುವಂತೆ ಮಾಡಿದರು. ಇಂದಿನ ಟ್ರ್ಯಾಕ್ಟರ್ ಬ್ಯಾಟರಿಯೂ ಗೋದಾಮಿನ ಗಾಡಿಯ ಬ್ಯಾಟರಿಯೂ ಮೂಲತಃ ಇವರ ಕೋಶದ ಮಕ್ಕಳು, ಮೊಮ್ಮಕ್ಕಳು.

ಪ್ರತಿಯೊಂದು ಕೋಶದಲ್ಲಿಯೂ ಮೂರು ಮುಖ್ಯ ವಸ್ತುಗಳಿರುತ್ತವೆ. ಧನಫಲಕದಲ್ಲಿ ಕಂದು ಬಣ್ಣದ ಸೀಸದ ಡೈಆಕ್ಸೈಡು, ಋಣಫಲಕದಲ್ಲಿ ಬೂದು ಬಣ್ಣದ ಸ್ಪಂಜಿನಂಥ ಸೀಸ, ಇವೆರಡೂ ಮುಳುಗಿರುವಂತೆ ನೀರು ಬೆರೆಸಿದ ಗಂಧಕಾಮ್ಲ. ಫಲಕಗಳು ಒಂದಕ್ಕೊಂದು ತಾಗದಂತೆ ನಡುವೆ ಸಣ್ಣ ರಂಧ್ರಗಳುಳ್ಳ ತಡಿಕೆಯನ್ನು ಇಟ್ಟಿರುತ್ತಾರೆ. ಇಂತಹ ಒಂದು ಕೋಶವು ಸುಮಾರು 2 ವೋಲ್ಟ್ ಕೊಡುತ್ತದೆ. ಆರು ಕೋಶಗಳನ್ನು ಸಾಲಾಗಿ ಜೋಡಿಸಿದರೆ ಟ್ರ್ಯಾಕ್ಟರಿನ 12 ವೋಲ್ಟ್, ಇಪ್ಪತ್ತನಾಲ್ಕನ್ನು ಜೋಡಿಸಿದರೆ ಫೋರ್ಕ್‌ಲಿಫ್ಟಿನ 48 ವೋಲ್ಟ್ ಆಗುತ್ತದೆ.

ಬ್ಯಾಟರಿಯಿಂದ ಕೆಲಸ ತೆಗೆದುಕೊಳ್ಳುವಾಗ ಏನು ನಡೆಯುತ್ತದೆ? ಆಮ್ಲದಲ್ಲಿರುವ ಸಲ್ಫೇಟ್ ಭಾಗವು ಎರಡೂ ಫಲಕಗಳನ್ನು ಸೇರುತ್ತದೆ. ಫಲಕಗಳ ಮೇಲೆ ಬಿಳಿಯ ಸೀಸದ ಸಲ್ಫೇಟು ಕೂರುತ್ತದೆ. ದ್ರವದಲ್ಲಿ ಆಮ್ಲ ಕಡಿಮೆಯಾಗಿ ನೀರಿನ ಅಂಶ ಹೆಚ್ಚುತ್ತದೆ. ಚಾರ್ಜು ಮಾಡುವಾಗ ಇದೆಲ್ಲವೂ ತಿರುಗಾಮುರುಗಾ ನಡೆಯುತ್ತದೆ. ಸಲ್ಫೇಟು ಫಲಕವನ್ನು ಬಿಟ್ಟು ಮತ್ತೆ ದ್ರವಕ್ಕೆ ಬಂದು ಆಮ್ಲವಾಗುತ್ತದೆ. ನಮ್ಮ ಭಾಗದ ಮಕ್ಕಳಿಗೆ ಇದನ್ನು ವಿವರಿಸಲು ಮಗ್ಗಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ನೇಕಾರನ ಲಾಳಿಯು ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ ಓಡುವಂತೆ, ಸಲ್ಫೇಟು ದ್ರವದಿಂದ ಫಲಕಕ್ಕೆ, ಫಲಕದಿಂದ ದ್ರವಕ್ಕೆ ಓಡಾಡುತ್ತದೆ. ಲಾಳಿಯ ಓಟ ನಿಂತರೆ ನೇಯ್ಗೆ ನಿಲ್ಲುತ್ತದೆ. ಸಲ್ಫೇಟಿನ ಓಟ ನಿಂತರೆ ಬ್ಯಾಟರಿ ಸಾಯುತ್ತದೆ.

ನಾವು ಮಾಡಿ ನೋಡಿದ ಪ್ರಯೋಗ

ವಿಜ್ಞಾನದ ಗುರುಗಳ ಸಮ್ಮುಖದಲ್ಲಿ ನಾವು ಒಂದು ಗಾಜಿನ ಪಾತ್ರೆಯಲ್ಲಿ ದುರ್ಬಲ ಗಂಧಕಾಮ್ಲವನ್ನು ತೆಗೆದುಕೊಂಡು, ಎರಡು ಸೀಸದ ಪಟ್ಟಿಗಳನ್ನು ಒಂದಕ್ಕೊಂದು ತಾಗದಂತೆ ಇಳಿಬಿಟ್ಟೆವು. ಆಮ್ಲವನ್ನು ದುರ್ಬಲಗೊಳಿಸುವಾಗ ಗುರುಗಳು ನೀರಿಗೆ ಆಮ್ಲವನ್ನು ಹನಿಹನಿಯಾಗಿ ಹಾಕಿದರೇ ಹೊರತು ಆಮ್ಲಕ್ಕೆ ನೀರನ್ನು ಹಾಕಲಿಲ್ಲ. ಹಾಗೆ ಹಾಕಿದರೆ ಒಮ್ಮೆಲೇ ಕಾವು ಹುಟ್ಟಿ ಆಮ್ಲವು ಮುಖಕ್ಕೆ ಸಿಡಿಯುತ್ತದೆ. ಆಮೇಲೆ ನಾಲ್ಕು ಟಾರ್ಚ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿ ಹತ್ತು ನಿಮಿಷ ವಿದ್ಯುತ್ ಹರಿಸಿದೆವು. ಎರಡೂ ಪಟ್ಟಿಗಳಿಂದ ಗುಳ್ಳೆಗಳು ಎದ್ದವು. ಧನಧ್ರುವಕ್ಕೆ ಸೇರಿಸಿದ ಪಟ್ಟಿ ಮೆಲ್ಲಗೆ ಕಂದು ಬಣ್ಣಕ್ಕೆ ತಿರುಗಿತು. ಸೆಲ್ಲುಗಳನ್ನು ತೆಗೆದು ವೋಲ್ಟ್‌ಮೀಟರ್ ಜೋಡಿಸಿದಾಗ ಮುಳ್ಳು 2 ರ ಹತ್ತಿರ ನಿಂತಿತು. ಒಂದು ಕೆಂಪು ಎಲ್.ಇ.ಡಿ. ದೀಪ ಸ್ವಲ್ಪ ಹೊತ್ತು ಉರಿದು ಮಂಕಾಯಿತು. ಮತ್ತೆ ಚಾರ್ಜು ಮಾಡಿದಾಗ ಮತ್ತೆ ಉರಿಯಿತು. ಪ್ಲಾಂಟೆಯವರು ಕಂಡದ್ದನ್ನೇ ನಾವೂ ಕಂಡೆವು. ಈ ಪ್ರಯೋಗವನ್ನು ಯಾರೂ ಮನೆಯಲ್ಲಿ, ಗುರುಗಳಿಲ್ಲದೆ ಮಾಡಬಾರದು.

ಭಾರ ಎತ್ತುವ ಗಾಡಿ

ಗದ್ವಾಲ ಭಾಗವು ಹತ್ತಿ ಬೀಜದ ಉತ್ಪಾದನೆಗೆ ಹೆಸರಾದುದು. ನಮ್ಮವರು ಹೊಲದಲ್ಲಿ ಹೂವಿಗೆ ಹೂವು ತಾಗಿಸಿ ಬೆಳೆದ ಬೀಜವು ಚೀಲಗಳಲ್ಲಿ ಊರು ಬಿಟ್ಟು ಹೋಗುತ್ತದೆ. ದೊಡ್ಡ ಗೋದಾಮುಗಳಲ್ಲಿ ಇಂತಹ ಸರಕನ್ನು ಹಮಾಲರ ಬೆನ್ನಿಗೆ ಬದಲಾಗಿ ಗಾಡಿಗಳು ಹೊರುತ್ತವೆ. ಗಾಡಿಯ ಮುಂದೆ ಎರಡು ಉಕ್ಕಿನ ತೋಳುಗಳಿರುತ್ತವೆ. ಅವು ಸರಕಿನ ಹಲಗೆಯ ಕೆಳಗೆ ನುಗ್ಗಿ ಅದನ್ನು ಮೇಲೆತ್ತುತ್ತವೆ. ಬ್ಯಾಟರಿಯ ಬಲದಿಂದ ಸಾಮಾನು ಸಾಗಿಸುವ ಪದ್ಧತಿ ಹೊಸದೇನಲ್ಲ. 1906 ರಲ್ಲಿಯೇ ಅಮೆರಿಕದ ಪೆನ್ಸಿಲ್ವೇನಿಯಾ ರೈಲ್ವೆಯವರು ಆಲ್ಟೂನಾ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಸಾಗಿಸಲು ಬ್ಯಾಟರಿ ಗಾಡಿಗಳನ್ನು ಓಡಿಸಿದ್ದರು.

ಡೀಸೆಲ್ ಗಾಡಿಯು ಹೊಗೆ ಬಿಡುತ್ತದೆ. ಔಷಧಿ, ಆಹಾರ, ಬೀಜ ಇರುವ ಮುಚ್ಚಿದ ಗೋದಾಮಿಗೆ ಹೊಗೆ ಆಗದು. ಅದಕ್ಕಾಗಿ ಬ್ಯಾಟರಿ ಗಾಡಿ ಬೇಕು. 48 ವೋಲ್ಟ್, 500 ಆಂಪಿಯರ್‌ಗಂಟೆಯ ಸೀಸದ ಬ್ಯಾಟರಿ ಸುಮಾರು ಏಳೆಂಟು ನೂರು ಕಿಲೋ ತೂಗುತ್ತದೆ. ಬೇರೆ ಕಡೆ ತೂಕ ಹೆಚ್ಚಾಗಿರುವುದು ದೋಷ. ಇಲ್ಲಿ ಅದೇ ಗುಣ. ಮುಂದೆ ಭಾರ ಎತ್ತಿದಾಗ ಗಾಡಿ ಮುಗ್ಗರಿಸದಂತೆ ಹಿಂದೆ ತಕ್ಕಡಿಯ ಬಟ್ಟಿನಂತೆ ಬ್ಯಾಟರಿಯೇ ತೂಗುತ್ತದೆ. ಆದುದರಿಂದ ಕಡಿಮೆ ತೂಕದ ಬ್ಯಾಟರಿಯನ್ನು ತಂದು ಅದೇ ಜಾಗದಲ್ಲಿ ಕೂರಿಸಬಾರದು. ಗಾಡಿಯ ತಗಡಿನ ಮೇಲೆ ಬ್ಯಾಟರಿಯ ಕನಿಷ್ಠ ತೂಕವನ್ನು ಬರೆದಿರುತ್ತಾರೆ.

ಚಾರ್ಜು ಮಾಡುವ ಕ್ರಮ

ಸೀಸದ ಬ್ಯಾಟರಿಯ ದಿನಚರಿ ಮೂರು ಪಾಲಿನದು: ಎಂಟು ಗಂಟೆ ದುಡಿಮೆ, ಎಂಟು ಗಂಟೆ ಊಟ, ಎಂಟು ಗಂಟೆ ವಿಶ್ರಾಂತಿ. ಊಟವೆಂದರೆ ಚಾರ್ಜು. ವಿಶ್ರಾಂತಿಯೆಂದರೆ ಕಾವು ಆರುವುದು.

ಮೊದಲನೆಯ ನಿಯಮ: ಬ್ಯಾಟರಿಯನ್ನು ಪೂರ್ಣ ಬರಿದು ಮಾಡಬಾರದು. ನೂರರಲ್ಲಿ ಎಂಬತ್ತು ಪಾಲು ಬಳಸಿದಾಗ ನಿಲ್ಲಿಸಬೇಕು. ಬೀಜಕ್ಕೆಂದು ಒಂದಿಷ್ಟು ಕಾಳನ್ನು ಹಗೇವಿನಲ್ಲಿ ಬಿಡುವ ಒಕ್ಕಲಿಗನ ವಿವೇಕ ಇಲ್ಲಿಯೂ ಬೇಕು.

ಎರಡನೆಯ ನಿಯಮ: ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಡಬಾರದು. ಫಲಕದ ಮೇಲೆ ಕೂತ ಸಲ್ಫೇಟು ಹೊಸದಾಗಿದ್ದಾಗ ಮೆತ್ತಗಿರುತ್ತದೆ, ಸುಲಭವಾಗಿ ದ್ರವಕ್ಕೆ ಮರಳುತ್ತದೆ. ದಿನಗಟ್ಟಲೆ ಬಿಟ್ಟರೆ ಅದು ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಕರಗುವುದಿಲ್ಲ. ಮಳೆಗಾಲದ ಕೆಲಸ ಮುಗಿದ ಮೇಲೆ ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಟ್ರ್ಯಾಕ್ಟರಿನ ಬ್ಯಾಟರಿ ಕೆಡುವುದೂ ಹೀಗೆಯೇ.

ಮೂರನೆಯ ನಿಯಮ: ಮಧ್ಯೆ ಮಧ್ಯೆ ಅರ್ಧ ಗಂಟೆ, ಕಾಲು ಗಂಟೆ ಚುಟುಕು ಚಾರ್ಜು ಮಾಡಬಾರದು. ಆ ಪದ್ಧತಿಗೆಂದೇ ತಯಾರಾದ ಬ್ಯಾಟರಿ ಮತ್ತು ಚಾರ್ಜರ್ ಇದ್ದರೆ ಮಾತು ಬೇರೆ. ಸಾಮಾನ್ಯ ಬ್ಯಾಟರಿಗೆ ದಿನಕ್ಕೊಂದು ಪೂರ್ಣ ಚಾರ್ಜು ಸಾಕು. ಅಂತಹ ಬ್ಯಾಟರಿ ಸುಮಾರು 1500 ಸುತ್ತು ಬರುತ್ತದೆ ಎಂದು ಹಿಡಿಯೋಣ. ವರ್ಷಕ್ಕೆ 300 ಕೆಲಸದ ದಿನಗಳಾದರೆ 1500 ನ್ನು 300 ರಿಂದ ಭಾಗಿಸಿದಾಗ ಐದು ವರ್ಷ. ದಿನಕ್ಕೆ ಎರಡು ಸಲ ಚಾರ್ಜಿಗೆ ಹಚ್ಚಿದರೆ ಆಯುಷ್ಯದ ಲೆಕ್ಕವೂ ಅದೇ ವೇಗದಲ್ಲಿ ಕರಗುತ್ತದೆ.

ಇನ್ನು ಚಾರ್ಜಿಗೆ ಹಚ್ಚುವ ಬಗೆ. ಮೊದಲು ಗಾಡಿಯನ್ನು ನಿಲ್ಲಿಸಿ, ತೋಳುಗಳನ್ನು ನೆಲಕ್ಕೆ ಇಳಿಸಿ, ಬ್ರೇಕು ಹಾಕಿ, ಬೀಗದ ಕೈ ತೆಗೆಯಬೇಕು. ಬ್ಯಾಟರಿಯ ಮೇಲಿನ ಗಾಡಿಯ ಮುಚ್ಚಳವನ್ನು ಎತ್ತಿಡಬೇಕು, ಅನಿಲ ಹೊರಹೋಗಲು ದಾರಿಯಾಗಲಿ ಎಂದು. ಆದರೆ ಕೋಶಗಳ ಬಿರಡೆಗಳು ಮುಚ್ಚಿಯೇ ಇರಬೇಕು. ಅವುಗಳಲ್ಲಿ ಅನಿಲಕ್ಕೆ ಬೇಕಾದ ಸಣ್ಣ ರಂಧ್ರವಿದೆ. ತೆಗೆದಿಟ್ಟರೆ ಆಮ್ಲದ ಹನಿ ಸಿಡಿಯುತ್ತದೆ, ಕಸ ಒಳಗೆ ಬೀಳುತ್ತದೆ. ಚಾರ್ಜರಿನ ವೋಲ್ಟೇಜೂ ಬ್ಯಾಟರಿಯ ವೋಲ್ಟೇಜೂ ಒಂದೇ ಇದೆಯೇ ಎಂದು ನೋಡಬೇಕು. ಚಾರ್ಜರ್ ಬಂದ್ ಇರುವಾಗಲೇ ಪ್ಲಗ್ ಜೋಡಿಸಬೇಕು. ತೆಗೆಯುವಾಗಲೂ ಮೊದಲು ಚಾರ್ಜರ್ ಬಂದ್ ಮಾಡಿ ಆಮೇಲೆ ಪ್ಲಗ್ ಕೀಳಬೇಕು. ವಿದ್ಯುತ್ ಹರಿಯುತ್ತಿರುವಾಗ ಕಿತ್ತರೆ ಕಿಡಿ ಹಾರುತ್ತದೆ. ಆ ಕಿಡಿಯ ಮಾತನ್ನು ಮುಂದೆ ನೋಡೋಣ.

ಆರಂಭದಲ್ಲಿ ಬ್ಯಾಟರಿಯು ಹಸಿದವನಂತೆ ಬಹಳ ವಿದ್ಯುತ್ತನ್ನು ತೆಗೆದುಕೊಳ್ಳುತ್ತದೆ. 500 ಆಂಪಿಯರ್‌ಗಂಟೆಯ ಬ್ಯಾಟರಿಗೆ ಸುಮಾರು 80 ಆಂಪಿಯರ್ ಕೊಡಬಹುದು. ಹೊಟ್ಟೆ ತುಂಬುತ್ತ ಬಂದಂತೆ ಕೊಡುವುದನ್ನು ಕಡಿಮೆ ಮಾಡಬೇಕು. ಕೊನೆಗೆ 20 ರಿಂದ 25 ಆಂಪಿಯರ್ ಸಾಕು. ಒಳ್ಳೆಯ ಚಾರ್ಜರ್ ಇದನ್ನು ತಾನೇ ಮಾಡುತ್ತದೆ. ಒಂದು ಕೋಶದ ವೋಲ್ಟೇಜು 2.4 ರ ಹತ್ತಿರ ಬಂದಾಗ ಗುಳ್ಳೆ ಏಳತೊಡಗುತ್ತದೆ.

ಒಂದು ಸಲದ ಚಾರ್ಜಿಗೆ ಎಷ್ಟು ಯೂನಿಟ್ ಬೇಕು? ಎಂಬತ್ತು ಪಾಲು ಬಳಸಿದರೆ 400 ಆಂಪಿಯರ್‌ಗಂಟೆ ಖರ್ಚು. ಸ್ವಲ್ಪ ನಷ್ಟವಾಗುವುದರಿಂದ ನೂರಕ್ಕೆ ಹದಿನೈದರಷ್ಟು ಹೆಚ್ಚಿಗೆ, ಅಂದರೆ 460 ಆಂಪಿಯರ್‌ಗಂಟೆ ತುಂಬಬೇಕು. ಸರಾಸರಿ ಕೋಶಕ್ಕೆ 2.4 ವೋಲ್ಟಿನಂತೆ 24 ಕೋಶಕ್ಕೆ 57.6 ವೋಲ್ಟ್. ಇವೆರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 26.5 ಯೂನಿಟ್. ಚಾರ್ಜರಿನಲ್ಲಿ ಕಾವಾಗಿ ಹೋಗುವುದನ್ನೂ ಸೇರಿಸಿದರೆ ಸುಮಾರು 30 ಯೂನಿಟ್. ತರಗತಿಯಲ್ಲಿ ಕಲಿತ ಸೂತ್ರವು ಗೋದಾಮಿನ ಕರೆಂಟ್ ಬಿಲ್ಲನ್ನು ಲೆಕ್ಕ ಹಾಕುವುದು ಹೀಗೆ.

ನೀರು ಹಾಕುವುದು

ಚಾರ್ಜಿನ ಕೊನೆಯಲ್ಲಿ ಹೆಚ್ಚಾದ ವಿದ್ಯುತ್ತು ನೀರನ್ನು ಒಡೆದು ಜಲಜನಕ ಮತ್ತು ಆಮ್ಲಜನಕಗಳನ್ನಾಗಿ ಮಾಡುತ್ತದೆ. ಒಂದು ಕೋಶದಲ್ಲಿ ಒಂದು ಆಂಪಿಯರ್‌ಗಂಟೆ ಹೀಗೆ ಖರ್ಚಾದರೆ 0.336 ಗ್ರಾಂ ನೀರು ಹೋಗುತ್ತದೆ. ಮೇಲಿನ ಲೆಕ್ಕದಲ್ಲಿ ಹೆಚ್ಚಿಗೆ ತುಂಬಿದ್ದು 60 ಆಂಪಿಯರ್‌ಗಂಟೆ. ಅದೆಲ್ಲವೂ ನೀರನ್ನು ಒಡೆಯಲು ಹೋಯಿತೆಂದು ಇಟ್ಟುಕೊಂಡರೆ 24 ಕೋಶಗಳಲ್ಲಿ ಸುಮಾರು 484 ಗ್ರಾಂ, ಹತ್ತಿರ ಹತ್ತಿರ ಅರ್ಧ ಲೀಟರು ನೀರು ಒಂದೇ ದಿನದಲ್ಲಿ ಖಾಲಿ.

ಹೋದದ್ದು ನೀರು, ಆದುದರಿಂದ ಹಾಕಬೇಕಾದದ್ದೂ ನೀರೇ. ಮಕ್ತಲ್‌ನ ಒಬ್ಬ ಬ್ಯಾಟರಿ ಮೇಸ್ತ್ರಿ ನಮಗೆ ಹೇಳಿದ ಮಾತು ಪಾಠದಂತಿದೆ: "ಆ್ಯಸಿಡ್ ಎಲ್ಲೀ ಹೋಗಂಗಿಲ್ರಿ. ಹೋಗೋದು ನೀರೊಂದೇ. ಮಂದಿ ಬ್ಯಾಟರಿ ಸತ್ತಾದಂತ ಆ್ಯಸಿಡ್ ಸುರೀತಾರ, ಅದು ಇನ್ನಷ್ಟು ಸಾಯ್ತಾದ."

ಯಾವ ನೀರು? ಭಟ್ಟಿ ಇಳಿಸಿದ ನೀರು, ಅಂಗಡಿಯಲ್ಲಿ "ಡಿಸ್ಟಿಲ್ಡ್ ವಾಟರ್" ಎಂದು ಸಿಗುವುದು. ಬೋರಿನ ನೀರು ಎಷ್ಟು ತಿಳಿಯಾಗಿ ಕಂಡರೂ ಆಗದು. ಅದನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರು ಕೂರುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಲವಣಗಳೂ ಕಬ್ಬಿಣದ ಅಂಶವೂ ಕ್ಲೋರೈಡೂ ಫಲಕಗಳನ್ನು ಕೆಡಿಸುತ್ತವೆ. ಕುಡಿಯುವ ನೀರಿನ ಬಾಟಲಿಯೂ ಬೇಡ, ಅದರಲ್ಲಿಯೂ ಲವಣಗಳಿರುತ್ತವೆ.

ಯಾವಾಗ ಹಾಕಬೇಕು? ಚಾರ್ಜು ಮುಗಿದ ಮೇಲೆ. ಚಾರ್ಜಾಗುವಾಗ ದ್ರವವು ಉಬ್ಬುತ್ತದೆ. ಮೊದಲೇ ತುಂಬಿಸಿದರೆ ಹಾಲು ಉಕ್ಕಿದಂತೆ ಆಮ್ಲ ಹೊರಗೆ ಉಕ್ಕುತ್ತದೆ, ತಟ್ಟೆಯನ್ನು ತಿನ್ನುತ್ತದೆ. ಚಾರ್ಜಿಗೆ ಮುಂಚೆ ಫಲಕಗಳು ಬರಿದಾಗಿ ಕಂಡರೆ ಮಾತ್ರ ಅವು ಮುಳುಗುವಷ್ಟು ಹಾಕಿ, ಉಳಿದುದನ್ನು ಆಮೇಲೆ ಗುರುತಿನವರೆಗೆ ತುಂಬಬೇಕು. ಇನ್ವರ್ಟರಿನ ಬ್ಯಾಟರಿಗಳ ಬಿರಡೆಯಲ್ಲಿ ಕೆಂಪು, ಹಸಿರು ಗುರುತಿನ ತೇಲುಕಡ್ಡಿ ಇರುತ್ತದೆ. ಅದನ್ನು ನೋಡುವ ರೂಢಿಯನ್ನು ಮನೆಯಲ್ಲಿ ನಾವೇ ಮಾಡಿಕೊಳ್ಳಬಹುದು.

ನಾಡಿ ನೋಡುವುದು

ವೈದ್ಯನು ನಾಡಿ ಹಿಡಿದು ನೋಡುವಂತೆ ಬ್ಯಾಟರಿಯ ಆರೋಗ್ಯವನ್ನು ಹೈಡ್ರೋಮೀಟರಿನಿಂದ ನೋಡುತ್ತಾರೆ. ಆಮ್ಲವು ನೀರಿಗಿಂತ ಭಾರ. ಚಾರ್ಜು ತುಂಬಿದಾಗ ದ್ರವ ಭಾರವಾಗಿ, ಒಳಗಿನ ಗಾಜಿನ ಬುರುಡೆ ಮೇಲೆ ತೇಲುತ್ತದೆ. ಬರಿದಾದಾಗ ಬುರುಡೆ ಮುಳುಗುತ್ತದೆ. ಆರ್ಕಿಮಿಡೀಸನ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಫೋರ್ಕ್‌ಲಿಫ್ಟಿನ ಬ್ಯಾಟರಿ ಪೂರ್ಣ ತುಂಬಿದಾಗ ಸಾಪೇಕ್ಷ ಸಾಂದ್ರತೆ ಸುಮಾರು 1.280, ಎಂಬತ್ತು ಪಾಲು ಬಳಸಿದಾಗ 1.150 ರ ಆಸುಪಾಸು. ಬಿಸಿನಾಡಿಗೆ ತಯಾರಾದ ಟ್ರ್ಯಾಕ್ಟರ್ ಬ್ಯಾಟರಿಯಲ್ಲಿ ತುಂಬಿದಾಗಿನ ಅಂಕಿ 1.240 ಕ್ಕೆ ಸಮೀಪ ಇರುವುದುಂಟು.

ಬುದ್ಧಿಗೆ ಹಿಡಿಸುವ ಇನ್ನೊಂದು ಲೆಕ್ಕವಿದೆ. ಸಾಪೇಕ್ಷ ಸಾಂದ್ರತೆಗೆ 0.84 ಕೂಡಿಸಿದರೆ, ವಿಶ್ರಾಂತಿಯಲ್ಲಿರುವ ಕೋಶದ ವೋಲ್ಟೇಜು ಹತ್ತಿರ ಹತ್ತಿರ ಸಿಗುತ್ತದೆ. 1.280 ಕ್ಕೆ 0.84 ಕೂಡಿಸಿದರೆ 2.12 ವೋಲ್ಟ್.

ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಓದಿದ ಅಂಕಿಯನ್ನು ಹಾಗೆಯೇ ನಂಬಬಾರದು. ಕಾವಿಗೆ ದ್ರವ ಹಗುರಾಗುತ್ತದೆ. 27 ಡಿಗ್ರಿಗಿಂತ ಮೇಲಿನ ಪ್ರತಿ 10 ಡಿಗ್ರಿಗೆ 0.007 ನ್ನು ಕೂಡಿಸಬೇಕು. ದ್ರವವು 42 ಡಿಗ್ರಿ ಇದ್ದು ಹೈಡ್ರೋಮೀಟರು 1.230 ತೋರಿಸಿದರೆ ನಿಜವಾದ ಅಂಕಿ ಸುಮಾರು 1.240. ಕಾವು ಬ್ಯಾಟರಿಯ ಶತ್ರುವೂ ಹೌದು. ಪ್ರತಿ 10 ಡಿಗ್ರಿ ಹೆಚ್ಚಿದಂತೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಸ್ಥೂಲವಾದ ಲೆಕ್ಕ. ಆದುದರಿಂದ ಬ್ಯಾಟರಿಯನ್ನು ನೆರಳಿನಲ್ಲಿ ಇಡಬೇಕು. ದ್ರವದ ಕಾವು 45 ಡಿಗ್ರಿ ದಾಟಿದರೆ ಚಾರ್ಜು ನಿಲ್ಲಿಸಿ ಆರಲು ಬಿಡಬೇಕು.

ಇಪ್ಪತ್ತನಾಲ್ಕು ಕೋಶಗಳಲ್ಲಿ ಒಂದೆರಡು ಹಿಂದೆ ಬೀಳುವುದುಂಟು. ವಾರಕ್ಕೊಮ್ಮೆ, ಇಲ್ಲವೇ ತಯಾರಕರು ಹೇಳಿದಷ್ಟು ಅವಧಿಗೊಮ್ಮೆ, ಕಡಿಮೆ ಆಂಪಿಯರಿನಲ್ಲಿ ಕೆಲವು ಗಂಟೆ ಹೆಚ್ಚಿಗೆ ಚಾರ್ಜು ಮಾಡಿ ಎಲ್ಲವನ್ನೂ ಸಮಕ್ಕೆ ತರುತ್ತಾರೆ. ತರಗತಿಯಲ್ಲಿ ಹಿಂದುಳಿದವನಿಗೆ ಸಂಜೆ ಹೆಚ್ಚಿನ ಪಾಠ ಹೇಳಿದ ಹಾಗೆ. ಒಂದು ವಹಿಯಲ್ಲಿ ದಿನಾಂಕ, ಕೋಶದ ಸಂಖ್ಯೆ, ಸಾಂದ್ರತೆ, ಕಾವು, ಹಾಕಿದ ನೀರು ಇಷ್ಟನ್ನು ಬರೆದಿಟ್ಟರೆ, ಯಾವ ಕೋಶ ಕೆಡುತ್ತಿದೆಯೆಂದು ತಿಂಗಳ ಮೊದಲೇ ತಿಳಿಯುತ್ತದೆ. ಬ್ಯಾಟರಿಯ ಮೇಲ್ಭಾಗವನ್ನು ಒರೆಸಿ ಒಣಗಿಸಿಡಬೇಕು. ಧ್ರುವಗಳಿಗೆ ವ್ಯಾಸಲೀನ್ ಸವರಬೇಕು.

ಕಾಣದ ಶತ್ರು : ಜಲಜನಕ

ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ನೂರಕ್ಕೆ 4 ಪಾಲಿನಿಂದ 75 ಪಾಲಿನವರೆಗೆ ಅದು ಸೇರಿದ್ದರೆ ಒಂದು ಕಿಡಿಗೆ ಹೊತ್ತಿ ಸಿಡಿಯಬಲ್ಲದು. ಚಾರ್ಜಿನ ಕೋಣೆಯಲ್ಲಿ ಎಷ್ಟು ಸೇರಬಹುದು? ಲೆಕ್ಕ ಹಾಕಿ ನೋಡೋಣ.

ಒಂದು ಕೋಶದಲ್ಲಿ ಹೆಚ್ಚಿನ ಒಂದು ಆಂಪಿಯರ್‌ಗಂಟೆಗೆ ಸುಮಾರು 0.42 ಲೀಟರು ಜಲಜನಕ ಹುಟ್ಟುತ್ತದೆ. 24 ಕೋಶ, 60 ಆಂಪಿಯರ್‌ಗಂಟೆ ಆದರೆ ಸುಮಾರು 605 ಲೀಟರು. 4 ಮೀಟರು ಉದ್ದ, 3 ಮೀಟರು ಅಗಲ, 3 ಮೀಟರು ಎತ್ತರದ ಕೋಣೆಯಲ್ಲಿ 36,000 ಲೀಟರು ಗಾಳಿ ಹಿಡಿಯುತ್ತದೆ. ಒಂದು ಬ್ಯಾಟರಿಯಿಂದಲೇ ಮುಚ್ಚಿದ ಕೋಣೆಯಲ್ಲಿ ಜಲಜನಕವು ನೂರಕ್ಕೆ 1.7 ಪಾಲಾಯಿತು. ಮೂರು ಬ್ಯಾಟರಿಗಳನ್ನು ಹಚ್ಚಿ ಬಾಗಿಲು ಕಿಟಕಿ ಮುಚ್ಚಿದರೆ 1,815 ಲೀಟರು, ಅಂದರೆ ನೂರಕ್ಕೆ 5 ಪಾಲು. ಅಪಾಯದ ಗೆರೆ ದಾಟಿತು. ಜಲಜನಕ ಹಗುರಾದ್ದರಿಂದ ಎಲ್ಲ ಕಡೆ ಸಮನಾಗಿ ಹರಡುವ ಮೊದಲೇ ಮಾಳಿಗೆಯ ಕೆಳಗೆ ಕೂಡಿಕೊಳ್ಳುತ್ತದೆ. ಒಂದೇ ಬ್ಯಾಟರಿ ಇದ್ದರೂ ಅಲ್ಲಿ ಪ್ರಮಾಣ ಹೆಚ್ಚಿರಬಹುದು.

ಚಾರ್ಜಿನ ಕೋಣೆಯ ಗಾಳಿಕಿಂಡಿಗಳು ಮೇಲೆ, ಮಾಳಿಗೆಗೆ ಹತ್ತಿರ ಏಕಿರಬೇಕೆಂಬುದು ಈಗ ತಿಳಿಯಿತಲ್ಲವೇ? ಜಲಜನಕವು ನೂರಕ್ಕೆ ಒಂದು ಪಾಲನ್ನೂ ದಾಟದಂತೆ ಗಾಳಿ ಆಡಬೇಕು. ಅಲ್ಲಿ ಬೀಡಿ, ಕಡ್ಡಿ, ಊದಿನಕಡ್ಡಿ, ಬೆಸುಗೆ ಯಾವುದೂ ಕೂಡದು. ಆಯುಧಪೂಜೆಯ ದಿನ ಗಾಡಿಗೆ ಕರ್ಪೂರ ಬೆಳಗುವವರು ಚಾರ್ಜಿನ ಜಾಗದಿಂದ ದೂರ, ಬಯಲಿನಲ್ಲಿ ಬೆಳಗಬೇಕು. ಕೈಯ ಉಂಗುರ, ಕಡಗ, ಗಡಿಯಾರ ತೆಗೆದಿಡಬೇಕು. ಎರಡು ಧ್ರುವಗಳ ನಡುವೆ ಸ್ಪ್ಯಾನರು ಬಿದ್ದರೆ ಕಿಡಿ ಹಾರುವುದಲ್ಲದೆ, ಲೋಹವು ಕೆಂಪಗೆ ಕಾಯುತ್ತದೆ. ಮನೆಯ ಇನ್ವರ್ಟರನ್ನು ದೇವರ ಗೂಡಿನ ಕೆಳಗೆ, ಒಲೆಯ ಹತ್ತಿರ, ಗಾಳಿಯಿಲ್ಲದ ಅಟ್ಟದಲ್ಲಿ ಇಡಬಾರದೆಂಬುದಕ್ಕೂ ಇದೇ ಕಾರಣ.

ಆಮ್ಲ ತಾಗಿದರೆ

ಕಣ್ಣಿಗೆ ಕನ್ನಡಕ, ಕೈಗೆ ರಬ್ಬರು ಗವಸು, ಮೈಗೆ ರಬ್ಬರು ಮುಂಗವಚ ಇಲ್ಲದೆ ಬಿರಡೆ ತೆಗೆಯಬಾರದು. ಆದರೂ ಆಮ್ಲ ಕಣ್ಣಿಗೆ ಸಿಡಿದರೆ ಒಂದು ಕ್ಷಣವನ್ನೂ ಕಳೆಯದೆ, ರೆಪ್ಪೆಯನ್ನು ತೆರೆದು ಹಿಡಿದು, ಹರಿಯುವ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆಯಬೇಕು. ಉಜ್ಜಬಾರದು. ಹಾಲು, ಎಣ್ಣೆ, ಸೋಡಾ ಯಾವುದನ್ನೂ ಕಣ್ಣಿಗೆ ಹಾಕಬಾರದು. ತೊಳೆಯುತ್ತಿರುವಾಗಲೇ ಮತ್ತೊಬ್ಬರು 108 ಕ್ಕೆ ಕರೆ ಮಾಡಲಿ. ಮೈಮೇಲೆ ಬಿದ್ದರೆ ಬಟ್ಟೆ ಕಳಚಿ ಧಾರಾಳ ನೀರು ಸುರಿಯಬೇಕು. ನೆಲಕ್ಕೆ ಚೆಲ್ಲಿದ ಆಮ್ಲದ ಮೇಲೆ ಅಡಿಗೆ ಸೋಡಾ ಉದುರಿಸಿದರೆ ನೊರೆ ಎದ್ದು ಶಮನವಾಗುತ್ತದೆ. ನೊರೆ ನಿಂತ ಮೇಲೆ ನೀರಿನಿಂದ ತೊಳೆಯಬೇಕು. ಬ್ಯಾಟರಿ ಕೋಣೆಯಲ್ಲಿ ಕೆಲಸಕ್ಕೆ ಸೇರಿದವನು ಮೊದಲ ದಿನ ಕೇಳಬೇಕಾದ ಪ್ರಶ್ನೆ, "ನೀರಿನ ನಲ್ಲಿ ಎಲ್ಲಿದೆ?" ಎಂಬುದು.

ಹಳೆಯ ಬ್ಯಾಟರಿ

ಕೆಟ್ಟ ಬ್ಯಾಟರಿಯಲ್ಲಿಯೂ ಸೀಸಕ್ಕೆ ಬೆಲೆಯಿದೆ. ಅದರ ಆಸೆಗೆ ಬೆಳ್ಳಿ ಬಂಗಾರ ಕರಗಿಸಿದಂತೆ ಮನೆಯಂಗಳದಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸುವುದು ಮಹಾ ಅಪಾಯ. ಸೀಸವು 327 ಡಿಗ್ರಿಯಲ್ಲಿಯೇ ಕರಗುವುದರಿಂದ ಇದು ಸುಲಭವೆನಿಸುತ್ತದೆ. ಆದರೆ ಅದರ ಹೊಗೆ ಮತ್ತು ಧೂಳು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂದಿಸುತ್ತವೆ. ರಕ್ತದಲ್ಲಿ ಇಷ್ಟು ಸೀಸವಿದ್ದರೆ ನಿರಪಾಯವೆಂದು ಹೇಳುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚೆಲ್ಲಿದ ಆಮ್ಲ ನೆಲಕ್ಕೆ, ನೆಲದಿಂದ ಬಾವಿಗೆ. ನಮ್ಮ ದೇಶದಲ್ಲಿ 2001 ರ ಬ್ಯಾಟರಿ ನಿಯಮಗಳಿಗೆ ಬದಲಾಗಿ 2022 ರ ಆಗಸ್ಟಿನಲ್ಲಿ ಹೊಸ ನಿಯಮಗಳು ಬಂದವು. ಬಳಸಿದ ಬ್ಯಾಟರಿಯನ್ನು ಹಿಂದಕ್ಕೆ ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆಯನ್ನು ಅವು ತಯಾರಕರ ಮೇಲೆ ಇಟ್ಟಿವೆ. ನಾವು ಮಾಡಬೇಕಾದದ್ದು ಇಷ್ಟೇ: ಹಳೆಯದನ್ನು ಬ್ಯಾಟರಿ ಅಂಗಡಿಗೆ ಕೊಟ್ಟು ಹೊಸದರ ಬೆಲೆಯಲ್ಲಿ ಮುರಿಸಿಕೊಳ್ಳುವುದು.

ಲಿಥಿಯಂ ಬಂದ ಮೇಲೆ

ಈಗ ಲಿಥಿಯಂ ಬ್ಯಾಟರಿಯ ಗಾಡಿಗಳೂ ಬಂದಿವೆ. ಅವಕ್ಕೆ ನೀರು ಹಾಕಬೇಕಿಲ್ಲ, ಊಟದ ಬಿಡುವಿನಲ್ಲಿ ಸ್ವಲ್ಪ ಚಾರ್ಜು ಮಾಡಿದರೂ ಹಾನಿಯಿಲ್ಲ, ತೂಕ ಕಡಿಮೆ. ಆದರೆ ಬೆಲೆ ಹೆಚ್ಚು. ಸೀಸದ ಬ್ಯಾಟರಿಯ ಚಾರ್ಜರನ್ನು ಲಿಥಿಯಂಗೆ ಜೋಡಿಸಲೇಬಾರದು. ಪೆಟ್ಟು ಬಿದ್ದು ಉಬ್ಬಿದ ಲಿಥಿಯಂ ಬ್ಯಾಟರಿ ತಾನಾಗಿ ಬೆಂಕಿ ಹಿಡಿಯಬಹುದು. ಹೊಸ ಯಂತ್ರ ಬಂದಾಗ ಹಳೆಯ ಎಚ್ಚರಿಕೆ ಬದಲಾಗುತ್ತದೆಯೇ ಹೊರತು ಎಚ್ಚರಿಕೆಯೇ ಬೇಡವಾಗುವುದಿಲ್ಲ.

ಕೊನೆಯ ಮಾತು

ಓಮನ ನಿಯಮ, ಆಮ್ಲಗಳು, ವಿದ್ಯುದ್ವಿಭಜನೆ, ಆರ್ಕಿಮಿಡೀಸನ ತತ್ತ್ವ ಇವನ್ನು ನಾವು ಪರೀಕ್ಷೆಗೆಂದು ಬೇರೆ ಬೇರೆ ಪಾಠಗಳಾಗಿ ಓದುತ್ತೇವೆ. ಇವೆಲ್ಲವೂ ಒಂದು ಸೀಸದ ಪೆಟ್ಟಿಗೆಯೊಳಗೆ ಒಟ್ಟಿಗೆ ಕೂತಿವೆ. ಗಡಿನಾಡಿನ ಕನ್ನಡ ಶಾಲೆಯಲ್ಲಿ ಓದಿದವರಿಗೆ ಮುಂದೇನು ಎಂದು ಕೇಳುವವರುಂಟು. ವಿಷಯವನ್ನು ತನ್ನ ನುಡಿಯಲ್ಲಿ ತಳದವರೆಗೆ ತಿಳಿದವನು ಯಾವ ನುಡಿಯ ಫಲಕವನ್ನಾದರೂ ಓದಿ ಅರಿಯಬಲ್ಲನು. ಬರಿಯ ಫಲಕವನ್ನು ಬಾಯಿಪಾಠ ಮಾಡಿದವನು ಫಲಕ ಇಲ್ಲದ ಕಡೆ ಕಂಗಾಲಾಗುತ್ತಾನೆ. ಆದುದರಿಂದ ಈ ಪುಟಗಳನ್ನು ಓದಿ ಮುಗಿಸಿದ ಮೇಲೆ, ಕೆಲಸಕ್ಕೆ ಹೊರಟ ಅಣ್ಣನಿಗೂ ಒಮ್ಮೆ ಓದಿ ಹೇಳಿರಿ.

ಯೋಚಿಸಿ ಉತ್ತರಿಸಿರಿ

1. ಬ್ಯಾಟರಿಯ ದ್ರವ ಕಡಿಮೆಯಾದಾಗ ಆಮ್ಲವನ್ನು ಹಾಕದೆ ನೀರನ್ನು ಮಾತ್ರ ಏಕೆ ಹಾಕಬೇಕು?

2. ನಿಮ್ಮ ತರಗತಿಯ ಕೋಣೆಯ ಅಳತೆ ತೆಗೆಯಿರಿ. ಎಷ್ಟು ಲೀಟರು ಜಲಜನಕ ಸೇರಿದರೆ ಅದು ನೂರಕ್ಕೆ 4 ಪಾಲಾಗುತ್ತದೆ?

3. ಹೈಡ್ರೋಮೀಟರಿನಲ್ಲಿ 1.200 ಬಂದಿದೆ, ದ್ರವದ ಕಾವು 37 ಡಿಗ್ರಿ ಇದೆ. ನಿಜವಾದ ಸಾಂದ್ರತೆ ಎಷ್ಟು? ಕೋಶದ ವೋಲ್ಟೇಜು ಸುಮಾರು ಎಷ್ಟಿರಬಹುದು?

4. ನಿಮ್ಮ ಮನೆಯ ಅಥವಾ ನೆರೆಮನೆಯ ಇನ್ವರ್ಟರನ್ನು ಇಟ್ಟಿರುವ ಜಾಗ ಸರಿಯಾಗಿದೆಯೇ? ಕಾರಣ ಕೊಟ್ಟು ಹಿರಿಯರಿಗೆ ತಿಳಿಸಿರಿ.